ಆಟವನ್ನೇ ಊರಿಗೆ ಕರೆಸಲು ಹೊರಟ ಕಾಕಾ

ಒಲಿಂಪಿಕ್ಸ್ ನಮ್ಮೂರಿಗೆ ಬರುವುದು ಸ್ವಲ್ಪದರಲ್ಲಿ ತಪ್ಪಿತು ಅಂದರೆ ನೀವು ನಗುತ್ತೀರಿ. ನಗಿ, ನಗಿ! ನಮ್ಮ ಕಾಕಾ ನಿಮಗೆ ಕಾಕಾ ಅಲ್ಲವಲ್ಲ, ನಗು ಬರಲೇಬೇಕು. ಅವನು ಹೇಳಿದಂತೆ ಅರ್ಜಿ ಬರೆಯಲು ಕೂತವಳು ನಾನು. "ಒಲಿಂಪಿಕ್ಸ್ ಬ್ಯಾಡ ಕಾಕಾ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಆ ಸಾಲನ್ನು ಹೊಡೆದು ಹಾಕಿದವಳೂ ನಾನೇ.

"ನಿನಗ ತಿಳಿಯಂಗಿಲ್ಲ ತಂಗಿ. ಸರ್ಕಾರದ ಮುಂದ ಎತ್ತು ಕೇಳಿದ್ರ ಆಕಳ ಕರಾನರ ಕೊಡ್ತಾರ. ಮೊದಲ ಕರಾ ಕೇಳಿದ್ರ ಸಗಣಿನೂ ಕೊಡಂಗಿಲ್ಲ" ಎಂದ ಕಾಕಾ.

ನಮ್ಮದು ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೋಗುವಾಗ ಒಳಕ್ಕೆ ಸಿಗುವ, ಕಪ್ಪು ಎರಿ ಭೂಮಿಯ ಹಳ್ಳಿ. ಕಾಕಾ ನನ್ನಪ್ಪನ ತಮ್ಮ. ನಾನು ಊರಿನ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಹೋದ ವರ್ಷ ನನ್ನ ಖೋ-ಖೋ ಹುಡುಗಿಯರು ವಿಭಾಗ ಮಟ್ಟದಲ್ಲಿ ಗೆದ್ದರು. ಧಾರವಾಡದಲ್ಲಿ ನಡೆದ ಆಟ, ಬೆಳಿಗ್ಗೆ ಹೋಗಿ ಸಂಜೆಗೆ ಬಂದೆವು, ಯಾರೂ ತಕರಾರು ಮಾಡಲಿಲ್ಲ. ಆದರೆ ರಾಜ್ಯ ಮಟ್ಟದ ಆಟ ದೂರದ ಜಿಲ್ಲೆಯಲ್ಲಿ, ಮೂರು ರಾತ್ರಿ ಅಲ್ಲೇ ಇರಬೇಕು. ಹನ್ನೆರಡು ಮನೆಯಿಂದಲೂ ಒಂದೇ ಉತ್ತರ: "ಹೆಣ್ಣ ಹುಡುಗ್ಯಾರು ಪರಸ್ಥಳದಾಗ ಮಲಗೂದಂದ್ರ ಏನ್ರಿ ಟೀಚರ್?" ಗೆದ್ದ ತಂಡ ಮನೆಯಲ್ಲೇ ಕೂತಿತು. ಆಗ ಅವರೆಲ್ಲ ಒಂಬತ್ತನೇ ಇಯತ್ತೆ. ಉಳಿದದ್ದು ಇನ್ನೊಂದೇ ವರ್ಷ. ಹತ್ತನೇ ಮುಗಿದ ಮೇಲೆ ಯಾರು ಕಾಲೇಜಿಗೆ, ಯಾರು ಗಂಡನ ಮನೆಗೆ, ಯಾರಿಗೆ ಗೊತ್ತು?

ಅದೇ ವಾರ ಕಾಕಾ ಪೇಪರಿನಲ್ಲಿ ಒಂದು ಸುದ್ದಿ ಓದಿದ. ದೊಡ್ಡ ದೊಡ್ಡ ಕ್ರೀಡಾಕೂಟಗಳನ್ನು ತಮ್ಮೂರಿಗೆ ಕರೆಸಿಕೊಳ್ಳುವವರಿಗೆ ಸರ್ಕಾರ ಅನುದಾನ ಕೊಡುತ್ತದಂತೆ. ಪೇಪರ್ ಹಿಡಿದುಕೊಂಡೇ ಶಾಲೆಗೆ ಓಡಿ ಬಂದ.

"ಹುಡುಗ್ಯಾರು ಆಟಕ್ಕ ಹೋಗಂಗಿಲ್ಲ ಅಂದ್ರ, ಆಟಾನ ಹುಡುಗ್ಯಾರ ಹಂತ್ಯಾಕ ಬರಲಿ!"

ಈ ಮಾತು ಯಾರ ಬಾಯಿಂದ ಬಂತು ಗೊತ್ತೇನು? ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಇದೇ ಖೋ-ಖೋ ಆಡಲು ಹೊರಟು ಬಸ್ಸು ಹತ್ತಿ ಕೂತಿದ್ದೆ. ಬ್ಯಾಗು ಸಮೇತ ನನ್ನನ್ನು ಕೆಳಗಿಳಿಸಿದ ಪುಣ್ಯಾತ್ಮ ಇವನೇ! ಅಪ್ಪ ತೀರಿಕೊಂಡ ಮೇಲೆ ಮನೆಯ ಹಿರಿಯ ಅವನು, ಎದುರಾಡುವಂತಿರಲಿಲ್ಲ. ಆವತ್ತಿನಿಂದ ಆ ಸುದ್ದಿಯನ್ನು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಸರಿ, ಒಲಿಂಪಿಕ್ಸ್ ಹೊಡೆದು ಹಾಕಿ, ಮುಂದಿನ ವರ್ಷದ ರಾಜ್ಯ ಮಟ್ಟದ ಖೋ-ಖೋ ನಮ್ಮೂರಿಗೆ ಕೊಡಿ ಎಂದು ಬರೆದೆ; ಅನುದಾನದ ಬೇಟೆ ಶುರುವಾಯಿತು. ರಜೆ ಸಿಕ್ಕಿತೆಂದರೆ ನನ್ನ ಕೊರಳಿಗೆ ಅರ್ಜಿಯ ಚೀಲ ಹಾಕಿ ಕಾಕಾ ಬಸ್ಸು ಹತ್ತಿಸುತ್ತಿದ್ದ. ಒಂದು ಕಚೇರಿಯಲ್ಲಿ, "ಮೊದಲು ಮೈದಾನ ತೋರಿಸ್ರಿ, ಆಮ್ಯಾಲೆ ಆಟ ಕೊಡೂದು ನೋಡೂಣು" ಎಂದರು. ಇನ್ನೊಂದು ಕಚೇರಿಯಲ್ಲಿ, "ಮೊದಲು ಆಟ ತಗೊಂಡು ಬರ್ರಿ, ಆಮ್ಯಾಲೆ ಮೈದಾನಕ್ಕ ಅನುದಾನ" ಎಂದರು. ಹುಚ್ಚು ಬಿಡೋವರೆಗೆ ಮದುವೆ ಇಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡೋದಿಲ್ಲ! ಆ ಕಚೇರಿಯಿಂದ ಈ ಕಚೇರಿಗೆ ಓಡಾಡಿದ್ದನ್ನೆಲ್ಲ ಮೈದಾನದಲ್ಲಿ ಓಡಿದ್ದರೆ ನಾನೇ ರಾಜ್ಯ ಮಟ್ಟಕ್ಕೆ ಆಯ್ಕೆಯಾಗುತ್ತಿದ್ದೆ. ಕಾಕಾ ಮಾತ್ರ ಎರಡೂ ಕಡೆ ಕೈಮುಗಿದು, "ಬರ್ತೀವ್ರೀ ಸಾಹೇಬ್ರ, ಬರೂ ವಾರ ಮತ್ತ ಬರ್ತೀವಿ" ಎನ್ನುತ್ತಿದ್ದ. ಸಾಹೇಬರ ಮುಖ ನೋಡಬೇಕಿತ್ತು!

ಅರ್ಜಿಯಲ್ಲಿ ಒಂದು ಪ್ರಶ್ನೆ: ಆಟಗಾರರ ವಸತಿಗೆ ಊರಿನಲ್ಲಿ ಎಷ್ಟು ಲಾಡ್ಜ್ ಇವೆ? ನಮ್ಮೂರಿನಲ್ಲಿ ಇರುವುದು ಒಂದು ಚಹಾದಂಗಡಿ, ಅದಕ್ಕೂ ಬಾಗಿಲಿಲ್ಲ. ಕಾಕಾ ಒಂಚೂರೂ ಹಿಂದೆಮುಂದೆ ನೋಡದೆ, "ಊರಾಗ ಎಷ್ಟ ಮನಿ ಅದಾವಲ್ಲ, ಅಷ್ಟ ಬರಿ" ಎಂದ.

ಅಲ್ಲಿಂದ ಅವನು ಮನೆ ಮನೆ ಹತ್ತಿದ. ಒಂದೊಂದು ಮನೆಗೆ ನಾಲ್ಕು ಹುಡುಗಿಯರು. ಅವರಿಗೆ ಹೊದೆಯಲು ಹೊಸ ಕೌದಿ ಹೊಲಿಯಬೇಕು, ಬಚ್ಚಲ ಬಾಗಿಲಿಗೆ ಚಿಲಕ ಇರಬೇಕು. ಚಿಲಕ ಇಲ್ಲದವರ ಮನೆಗೆ ಜೇಬಿನಲ್ಲಿ ಚಿಲಕ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ತಾನೇ ಹೋಗುತ್ತಿದ್ದ. ಊರವರು ಯಾರದೋ ಮದುವೆ ಗೊತ್ತಾದವರಂತೆ ಗೋಡೆಗೆ ಸುಣ್ಣ ಹಚ್ಚಿದರು. ನಮ್ಮ ಮನೆಗೂ ಬಂದ. ಚಿಲಕ ಬಡಿದು, ಪರೀಕ್ಷೆ ಮಾಡುತ್ತೇನೆಂದು ಬಚ್ಚಲಿಗೆ ಹೋಗಿ ಒಳಗಿನಿಂದ ಹಾಕಿಕೊಂಡ. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ.

"ಏನಾತು ಕಾಕಾ?"

"ಭಾಳ ಭದ್ರ ಐತಿ ನೋಡ! ನನಗ ಹೊರಗ ಬರಾಕ ಆಗವಲ್ದು!"

ಸುತ್ತಿಗೆಯಿಂದ ಬಾಗಿಲು ಒಡೆಯಬೇಕಾಯಿತು. ನಮ್ಮ ಬಚ್ಚಲಿಗೆ ಈಗಲೂ ಪರದೆಯೇ ಗತಿ.

ಎಲ್ಲರನ್ನೂ ಅವನು ಕೇಳುತ್ತಿದ್ದ ಪ್ರಶ್ನೆ ಒಂದೇ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಚುರುಕಾಗಿ ಓಡುವ ಹುಡುಗಿಯ ತಾಯಿ ಬೀಬಿಜಾನ. ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡಾಕೆ. ಅವಳನ್ನೂ ಕೇಳಿದ: "ಮಂದಿ ಮಕ್ಕಳು ನಿನ್ನ ನಂಬಿ ಬರ್ತಾವ ಬೇ. ಹೆಂಗ ನೋಡ್ಕೊಂತಿ?"

"ಇದೇನ್ ಕೇಳ್ತೀರಿ ಕಾಕಾ? ನನ್ನ ಮಗಳನ್ನ ನೋಡಿಕೊಂಡಂಗ" ಎಂದಳು ಬೀಬಿಜಾನ. ನಾಲ್ಕು ಕೌದಿ ಹೊಲಿದೂ ಇಟ್ಟಳು.

ಕೊನೆಗೂ ಜಾಗ ನೋಡಲು ಮೂವರು ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಕಾಕಾ ತನ್ನದೇ ಹೊಲದ ಒಂದು ತುಂಡನ್ನು ಮಟ್ಟ ಮಾಡಿ, ಎರಡು ಕಂಬ ನೆಟ್ಟ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ! ದೊಡ್ಡ ಮೈದಾನಗಳಲ್ಲಿ ಆಟಕ್ಕೆ ಮೊದಲು ನೀರು ಹೊಡೆಯುವುದನ್ನು ಟಿವಿಯಲ್ಲಿ ನೋಡಿದ್ದನಂತೆ. ಸಾಹೇಬರ ಬಟ್ಟೆಗೆ ಧೂಳು ತಾಗಬಾರದೆಂದು ಟ್ಯಾಂಕರ್ ತರಿಸಿ ನೀರು ಹೊಡೆಸಿಬಿಟ್ಟ. ಎರಿ ಮಣ್ಣಿಗೆ! ಹುಟ್ಟಿದಾಗಿನಿಂದ ಎರಿ ಹೊಲದಲ್ಲೇ ಬದುಕಿದ ಮನುಷ್ಯ! ಒಣಗಿದರೆ ಬಿರುಕು, ನೆಂದರೆ ಅಂಟು, ಇದು ನಮ್ಮ ಕಡೆ ಕೂಸಿಗೂ ಗೊತ್ತು.

ದೊಡ್ಡ ಸಾಹೇಬರು ನಾಲ್ಕು ಹೆಜ್ಜೆ ಇಟ್ಟರು. ಐದನೆಯ ಹೆಜ್ಜೆಗೆ ಕಾಲು ಮೇಲೆ ಬಂತು, ಬೂಟು ಬರಲಿಲ್ಲ. ನಾನು ಮುಖ ಮುಚ್ಚಿಕೊಂಡೆ. ಕಾಕಾ ಮಾತ್ರ ಅಗದಿ ಖುಷಿಯಿಂದ, "ನೋಡ್ರಿ ಸಾಹೇಬ್ರ, ನಮ್ಮೂರ ಮಣ್ಣು ಬಂದವ್ರನ್ನ ಲಗೂನ ಬಿಡಂಗಿಲ್ರಿ!" ಎಂದ. ಸಾಹೇಬರು ಒಂದೇ ಬೂಟಿನಲ್ಲಿ ಜೀಪು ಹತ್ತಿದರು.

ಈ ವರ್ಷ ಹುಡುಗಿಯರು ಮತ್ತೆ ಗೆದ್ದರು. ಅದೇ ವಾರ ಪತ್ರ ಬಂತು: ರಾಜ್ಯ ಮಟ್ಟದ ಆಟ ಬೇರೆ ಜಿಲ್ಲೆಗೆ, ಅನುದಾನವೂ ಅಲ್ಲಿಗೇ. ಓದಿ ಹೇಳಿದೆ. ಕಾಕಾ ಕಟ್ಟೆಯ ಮೇಲೆ ಕೂತವನು ಏಳಲೇ ಇಲ್ಲ. ವರ್ಷವಿಡೀ ಓಡಾಡಿಸಿದವನಿಗೆ ನಾಲ್ಕು ಮಾತು ಆಡಬೇಕೆಂದೇ ಹೋಗಿದ್ದೆ. "ಹುಡುಗ್ಯಾರು ಈ ಸರ್ತಿನೂ ಮನ್ಯಾಗ ಕುಂತ್ರಲ್ಲ ತಂಗಿ" ಎಂದ. ಪತ್ರ ಮಡಚಿ ಅವನ ಪಕ್ಕ ಕೂತೆ.

ಆಗ ಬೀಬಿಜಾನ ಬಂದಳು. ಪತ್ರದ ಸುದ್ದಿ ಊರೆಲ್ಲ ಹಬ್ಬಿತ್ತು.

"ಟೀಚರ್, ಆ ಊರಾಗ ಹುಡುಗ್ಯಾರನ್ನ ನೋಡಿಕೊಳ್ಳಾಕ ಹೆಣ್ಮಕ್ಕಳು ಇರ್ತಾರೇನ್ರಿ?"

"ಇರ್ತಾರ. ಬಾಜೂಕ ನಾನೂ ಇರ್ತೀನಿ."

ಅವಳೂ ಬಂದು ಕಟ್ಟೆಯ ಅಂಚಿಗೆ ಕೂತಳು. "ಯಾವ ಊರಿನ ತಾಯಂದ್ರೋ ಏನೋ, ನನ್ನ ಮಾರಿನೂ ನೋಡದನ ತಮ್ಮ ಮಕ್ಕಳನ್ನ ನನ್ನ ಮನಿಗೆ ಕಳಿಸ್ತಾರಂತ ಕೌದಿ ಹೊಲಿದು ಕುಂತಿದ್ನಿ. ಅವ್ರು ನನ್ನ ನಂಬಬೇಕು, ನಾ ಯಾರನ್ನೂ ನಂಬಂಗಿಲ್ಲ ಅಂದ್ರ ಹೆಂಗ್ರಿ? ನನ್ನ ಮಗಳನ್ನ ಕರಕೊಂಡು ಹೋಗ್ರಿ."

ಒಂದು ಮನೆ ಹೂಂ ಅಂದಮೇಲೆ ಉಳಿದವರಿಗೆ ಇಲ್ಲ ಅನ್ನುವುದು ಕಷ್ಟವಾಯಿತು. ಎಲ್ಲರ ಮನೆಯಲ್ಲೂ ಕೌದಿ ಇತ್ತಲ್ಲ! ಪರ ಊರಿನ ಹುಡುಗಿಯರಿಗೆಂದು ಹೊಲಿದದ್ದನ್ನು ತಮ್ಮ ಮಕ್ಕಳ ಹೆಗಲಿಗೆ ಕಟ್ಟಿದರು.

ಮುಂಜಾನೆ ಬಸ್ ಸ್ಟ್ಯಾಂಡಿನಲ್ಲಿ ಕಾಕಾನದೇ ಗದ್ದಲ. ರೊಟ್ಟಿಯ ಗಂಟು ಎಲ್ಲಿ, ನೀರಿನ ಬಾಟಲಿ ಎಲ್ಲಿ, ಅಲ್ಲಿ ಬಚ್ಚಲಿಗೆ ಚಿಲಕ ಇದೆಯೋ ಇಲ್ಲವೋ! ಜೇಬಿನಿಂದ ಎರಡು ಚಿಲಕ ತೆಗೆದು ನನ್ನ ಕೈಗೆ ಕೊಟ್ಟೇಬಿಟ್ಟ. ಡ್ರೈವರ್ ಹಾರ್ನ್ ಹೊಡೆದರೂ ಕೇಳದೆ ಬಸ್ಸಿನೊಳಗೆ ಹತ್ತಿ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದ. ಇಳಿದು ಬಂದು ನನ್ನ ಮುಂದೆ ನಿಂತ.

"ಹದಿಮೂರು. ಎಲ್ಲಾರೂ ಅದಾರ."

ನನಗೆ ರೇಗಿತು. "ಹನ್ನೆರಡ ಕಾಕಾ! ಎಣಸಾಕೂ ಬರಂಗಿಲ್ಲೇನು?"

ಕಾಕಾ ನನ್ನ ಮುಖ ನೋಡಲಿಲ್ಲ. ಕೆಳಗಿದ್ದ ನನ್ನ ಬ್ಯಾಗನ್ನು ಎತ್ತಿ ಬಸ್ಸಿನ ಮೆಟ್ಟಿಲ ಮೇಲಿಟ್ಟ. ಅವತ್ತು ಅದೇ ಸ್ಟ್ಯಾಂಡಿನಲ್ಲಿ ನನ್ನ ಬ್ಯಾಗನ್ನು ಕೆಳಗಿಳಿಸಿದ್ದೂ ಅದೇ ಕೈ. 

"ನಿನ್ನ ಯಾರು ಎಣಸವ್ರು?" ಎಂದ. "ಹತ್ತ ತಂಗಿ. ಹೊತ್ತಾತು."