ಕ್ಯಾಪ್ಟನ್ ಕುಲುಮೆ ಸಾರಿಗೆ ಬಿದ್ದದ್ದು

ಇನ್ನು ಮುಂದೆ ನಾನು ಯಾರ ಕೈಕೆಳಗೂ ದುಡಿಯುವುದಿಲ್ಲ, ದುಡಿದರೆ ನನ್ನ ಕೈಕೆಳಗೆ ನಾಲ್ಕು ಜನ ದುಡಿಯಬೇಕು! ಇಂಥದ್ದೊಂದು ಘನಘೋರ ಪ್ರತಿಜ್ಞೆಯನ್ನು ನಾನು ಮಾಡಿದ್ದು ಬ್ರೂಕ್ಲಿನ್ನಿನ ನಮ್ಮ ಬೀದಿಯ ಮಿಠಾಯಿ ಅಂಗಡಿಯಲ್ಲಿ, ಒಬ್ಬನೇ ನಿಂತರೂ ಮೊಣಕೈ ತಗಲುವ ಫೋನು ಗೂಡಿನೊಳಗೆ. ಆ ಗೂಡಿಗೆ ಹೋಗುವಾಗ ನಾನು ಅಡುಗೆಮನೆಯ ಮೇಜಿನ ಮೇಲೆ ಚಿತ್ರ ಗೀಚುವ ಬಡ ಲೂಯಿ ಪಿಂಕಸ್. ಹೊರಗೆ ಬರುವಾಗ ‘ಪಿಂಕಸ್ ಸ್ಟುಡಿಯೋ’ದ ಮಾಲೀಕ! ಮಧ್ಯೆ ನಡೆದದ್ದು ಬರೀ ನಾಲ್ಕು ಮಾತು.

ಆಗ ನ್ಯೂಯಾರ್ಕಿನಲ್ಲಿ ಯಾವ ಪತ್ರಿಕೆ ಅಂಗಡಿ ನೋಡಿದರೂ ಬಿಗಿ ಉಡುಪಿನ ಮೇಲೆ ಚಡ್ಡಿ ಹಾಕಿಕೊಂಡು ಹಾರುವ ವೀರರದ್ದೇ ಕಾರುಬಾರು. ಪಬ್ಲಿಷರ್ ಪ್ರೆಸ್ಟನ್ ಕಿಂಗ್ಸ್ಲಿ ‘ಧಡಾರ್ ಕಾಮಿಕ್ಸ್’ ಎಂಬ ಹೊಸ ಮಾಲೆ ಹೊರಡಿಸುತ್ತಿದ್ದರು. ಒಂದೇ ಪುಸ್ತಕದಲ್ಲಿ ನಾಲ್ಕು ವೀರರ ನಾಲ್ಕು ಕಥೆ. ನಾಲ್ಕನ್ನೂ ನಾನೇ ಬರೆದು ಕಳಿಸಿದ್ದೆ, ಆದರೆ ಒಂದೊಂದಕ್ಕೆ ಒಂದೊಂದು ಹೆಸರಿನಲ್ಲಿ ಸಹಿ ಹಾಕಿದ್ದೆ. ನಮ್ಮ ಕಸುಬಿನಲ್ಲಿ ಇದು ಮಾಮೂಲು. ಇಡೀ ಪುಸ್ತಕ ಒಬ್ಬನೇ ಬರೆದದ್ದು ಎಂದು ಗೊತ್ತಾದರೆ ಓದುಗನಿಗೆ ಅದು ಬಡವರ ಮನೆಯ ಊಟದಂತೆ ಕಾಣುತ್ತದಂತೆ. ಹೆಸರುಗಳೂ ನಮ್ಮಂಥ ಯೆಹೂದಿಗಳ ಹೆಸರಾಗಿರಕೂಡದು. ಪಿಂಕಸ್ ಬರೆದ ವೀರನನ್ನು ಯಾರು ನಂಬುತ್ತಾರೆ? ಹಾಗಾಗಿ ಬ್ರಾಡ್ಫರ್ಡ್ ಹಾರಿಂಗ್ಟನ್, ಡಗ್ಲಸ್ ವಿಂಟ್ರಾಪ್, ಸ್ಟರ್ಲಿಂಗ್ ಕೋಲ್, ರೋಜರ್ ಆಷ್ಬಿ. ಕುದುರೆ ಸಾಕುವ ಮನೆತನದ ಹೆಸರುಗಳು, ನಾಲ್ಕೂ ನನ್ನವೇ!

"ಮಿಸ್ಟರ್ ಪಿಂಕಸ್, ನಾಲ್ಕೂ ಜನ ಕಲಾವಿದರು ನಿಮ್ಮ ಹತ್ರಾನೇ ಇದ್ದಾರಾ?" ಎಂದರು ಕಿಂಗ್ಸ್ಲಿ ಫೋನಿನಲ್ಲಿ.

"ಇದ್ದಾರೆ ಸಾರ್! ನಮ್ಮ ಸ್ಟುಡಿಯೋದಲ್ಲೇ!"

"ನೀವೂ ಬರೀತೀರೋ?"

"ನಾನಾ? ಛೇ ಛೇ! ನಾನು ಪೆನ್ಸಿಲ್ ಮುಟ್ಟೋದೇ ಇಲ್ಲ ಸಾರ್. ಬರೀ ಮೇಲ್ವಿಚಾರಣೆ!"

"ಒಳ್ಳೇದಾಯ್ತು. ಶುಕ್ರವಾರ ಬೆಳಿಗ್ಗೆ ನಾನೇ ಬರ್ತೀನಿ. ರಕ್ಷಾಪುಟದ ಚಿತ್ರ ತಗೊಂಡು, ನಾಲ್ವರ ಕೈ ಕುಲುಕಿ ಹೋಗ್ತೀನಿ. ಅಚ್ಚು ಹಾಕೋಕೆ ಚಿತ್ರದ ಬ್ಲಾಕ್ ಮಾಡೋರು ಮಧ್ಯಾಹ್ನಕ್ಕೇ ಬಾಗಿಲು ಹಾಕ್ತಾರೆ. ಅಷ್ಟರೊಳಗೆ ಚಿತ್ರ ಕೈಗೆ ಬರದಿದ್ರೆ ಮೊದಲ ಸಂಚಿಕೆ ಬೇರೆ ಸ್ಟುಡಿಯೋದವರಿಗೆ ಹೋಗುತ್ತೆ, ನೋಡಿ."

ಎದೆ ಉಬ್ಬಿಸಿಕೊಂಡು ನಾಲ್ಕು ಮಹಡಿ ಹತ್ತಿ ವಿಷಯ ಹೇಳಿದೆ. ನನ್ನ ಹೆಂಡತಿ ಫ್ರೀಡಾ ಕುಂಚ ಹಿಡಿದು ನನ್ನ ಚಿತ್ರಗಳಿಗೆ ಮಸಿ ತುಂಬುತ್ತಿದ್ದಳು. ಅದು ಅವಳ ಕೆಲಸ. ನಾನು ಪೆನ್ಸಿಲ್ಲಿನಲ್ಲಿ ಬರೆಯುವುದು, ಅವಳು ಅದರ ಮೇಲೆ ‘ಸುಮ್ಮನೆ’ ಮಸಿ ಓಡಿಸುವುದು. ಆ ‘ಸುಮ್ಮನೆ’ ಎಂಬ ಮಾತು ನನ್ನದು.

"ನಾಲ್ಕು ಜನಾನಾ?" ಎಂದಳು. "ಎಲ್ಲಿದ್ದಾರೆ? ಮಂಚದ ಕೆಳಗಾ?"

"ಹುಡುಕೋಣ ಬಿಡು."

"ಲೂಯಿ, ಎರಡು ವರ್ಷದಿಂದ ಇಂಥದ್ದೊಂದು ಪುಸ್ತಕಕ್ಕೆ ಕಾಯ್ತಾ ಇದ್ದೀವಿ. ‘ಒಬ್ಬನೇ ಬರೆದೆ ಸಾರ್’ ಅಂದಿದ್ರೆ ಏನಾಗ್ತಿತ್ತು?"

"ಒಬ್ಬನೇ ಅಂದ್ರೆ ಯಾರು ಕಿಮ್ಮತ್ತು ಕೊಡ್ತಾರೆ? ಮಾಲೀಕ ಅಂದ್ರೆ ಅದರ ಗತ್ತೇ ಬೇರೆ!"

ಫ್ರೀಡಾ ಕುಂಚವನ್ನು ಮತ್ತೆ ಮಸಿಗೆ ಅದ್ದಿದಳು.

ಕೊನೆಗೆ ಸಿಕ್ಕಿದ್ದು ಇಬ್ಬರೇ. ಕೆಳಗಿನ ಕ್ಷೌರದಂಗಡಿಯ ಜಿಸ್ಕಿಂಡ್ ಮತ್ತು ಮೂಲೆಯಲ್ಲಿ ಮೀನು ಮಾರುವ ಪೆಲ್ಟ್ಸ್. ಉಳಿದ ಇಬ್ಬರಲ್ಲಿ ಒಬ್ಬನನ್ನು ಹನಿಮೂನಿಗೂ ಇನ್ನೊಬ್ಬನನ್ನು ಹಲ್ಲು ಕೀಳಿಸಿಕೊಳ್ಳಲೂ ಬಾಯಿಮಾತಿನಲ್ಲೇ ಕಳಿಸಿಬಿಟ್ಟೆ. ಶುಕ್ರವಾರ ಬೆಳಿಗ್ಗೆ ಇಬ್ಬರಿಗೂ ಟೈ ಕಟ್ಟಿಸಿ, ಬೀದಿ ಕಡೆಯ ಕೋಣೆಯಲ್ಲಿ ಕೂರಿಸಿ ತಾಲೀಮು ಶುರು ಮಾಡಿದೆ.

"ನಿಮ್ಮ ಹೆಸರೇನು?"

"ಪೆಲ್ಟ್ಸ್."

"ಅಲ್ಲ ಮಾರಾಯ! ಬ್ರಾಡ್ಫರ್ಡ್ ಹಾರಿಂಗ್ಟನ್!"

"ಅಷ್ಟುದ್ದ ನನ್ನ ಬಾಯಲ್ಲಿ ಹಿಡಿಯಲ್ಲ ಲೂಯಿ. ಗಿರಾಕಿಗಳು ಕಾಯ್ತಾ ಇದ್ದಾರೆ, ಕಾರ್ಪ್ ಮೀನು ತೊಟ್ಟೀಲಿ ಹಾರಾಡ್ತಾ ಇದೆ, ಬೇಗ ಮುಗಿಸು."

ರಕ್ಷಾಪುಟದ ಚಿತ್ರ ಪೆನ್ಸಿಲ್ಲಿನಲ್ಲಿ ಸಿದ್ಧವಾಗಿ ಅಡುಗೆಮನೆಯ ಮೇಜಿನ ಮೇಲಿತ್ತು, ಮಸಿ ಒಂದು ಬಾಕಿ. ಬಾಯಿಂದ ಬೆಂಕಿ ಉಗುಳುವ ಕ್ಯಾಪ್ಟನ್ ಕುಲುಮೆ ಬ್ಯಾಂಕಿನ ಗೋಡೆಯನ್ನು ಒಂದೇ ಗುದ್ದಿಗೆ ಪುಡಿ ಮಾಡುತ್ತಿರುವ ದೃಶ್ಯ. ನನ್ನ ಜೀವಮಾನದ ಶ್ರೇಷ್ಠ ಕೃತಿ! ತಾಲೀಮಿನ ಗಡಿಬಿಡಿಯಲ್ಲಿ ನಾನು ಮರೆತ ಸಂಗತಿ ಒಂದೇ. ಶುಕ್ರವಾರ ಆ ಮೇಜು ನನ್ನದಲ್ಲ, ನಮ್ಮ ಅತ್ತೆಯದು.

ಶುಕ್ರವಾರ ಸೂರ್ಯ ಮುಳುಗುವುದರೊಳಗೆ, ಒಲೆ ಹಚ್ಚಬಾರದ ನಮ್ಮ ವಾರದ ವಿಶ್ರಾಂತಿ ದಿನ ಸಬ್ಬತ್ತಿನ ಅಡುಗೆ ಮುಗಿಯಬೇಕು. ಕೋಳಿ ಸಾರು ನಸುಕಿಗೇ ಒಲೆ ಏರಿತ್ತು. ಸಾರಿಗೆ ಶ್ಯಾವಿಗೆ ಬೇಕು, ಶ್ಯಾವಿಗೆಗೆ ಹಿಟ್ಟು ಲಟ್ಟಿಸಬೇಕು, ಲಟ್ಟಿಸಲು ಅಗಲವಾದ, ನುಣ್ಣನೆಯ, ಬೆಳ್ಳನೆಯ ಹಲಗೆ ಬೇಕು. ಅತ್ತೆ ಬ್ಲೂಮಾ ಬಂದು ನೋಡುತ್ತಾರೆ, ದೇವರೇ ಕಳಿಸಿದಂತೆ ಅಂಥದ್ದೊಂದು ದಪ್ಪ ರಟ್ಟು ಮೇಜಿನ ಮೇಲಿದೆ! ಅದರ ಮೇಲೆ ಅಳಿಯ ಏನೋ ಗೀಚಿದ್ದಾನೆ, ಅಳಿಯ ಎಲ್ಲದರ ಮೇಲೂ ಗೀಚುತ್ತಾನೆ. ಹಿಟ್ಟಿನ ಮುದ್ದೆ ಇಟ್ಟರು, ಲಟ್ಟಣಿಗೆ ಒತ್ತಿದರು.

ಪೆನ್ಸಿಲ್ ಗೆರೆ ಅಳಿಸಲು ನಾವು ಕಸುಬಿನವರು ಮೆತ್ತನೆಯ ಬ್ರೆಡ್ಡಿನ ಮುದ್ದೆ ಉಜ್ಜುತ್ತೇವೆ. ರಬ್ಬರಿಗಿಂತ ಅದು ಎಷ್ಟೋ ವಾಸಿ. ಹಸಿ ಹಿಟ್ಟು ಅದಕ್ಕಿಂತಲೂ ವಾಸಿ ಎಂಬುದು ನನಗೆ ಆವತ್ತು ತಿಳಿಯಿತು.

ನಾನು ಒಳಗೆ ಬರುವಾಗ ರಟ್ಟು ಹಾಲಿನಂತೆ ಬೆಳ್ಳಗಿತ್ತು. ಕ್ಯಾಪ್ಟನ್ ಕುಲುಮೆ ಅಂಗುಷ್ಠದಿಂದ ನೆತ್ತಿಯವರೆಗೆ ಹಿಟ್ಟಿಗೆ ಅಂಟಿಕೊಂಡು ಎದ್ದಿದ್ದ! ಅತ್ತೆ ಅವನನ್ನು ಮಡಚಿ, ಚಾಕುವಿನಿಂದ ಸಣ್ಣಗೆ ಹೆಚ್ಚುತ್ತಿದ್ದರು. ಸೊಂಟದವರೆಗೆ ಆಗಲೇ ಶ್ಯಾವಿಗೆ. ಕಾಲುಗಳು ಕುರ್ಚಿಯ ಬೆನ್ನಿನ ಮೇಲೆ ಒಣಗುತ್ತಿದ್ದವು.

"ಅತ್ತೇ!" ಎಂದು ಕಿರುಚಿದೆ. "ಏನು ಮಾಡಿಬಿಟ್ರಿ!"

"ಶ್ಯಾವಿಗೆ," ಎಂದರು ಅತ್ತೆ. "ಹಿಟ್ಟು ಯಾಕೋ ಸ್ವಲ್ಪ ಕಪ್ಪಾಗಿದೆ. ಅಂಗಡಿಯವನು ಮೋಸ ಮಾಡಿದ್ದಾನೆ."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಪ್ರೆಸ್ಟನ್ ಕಿಂಗ್ಸ್ಲಿ! ಬೂದು ಸೂಟು, ತಲೆಗೆ ಟೋಪಿ, ನಾಲ್ಕು ಮಹಡಿ ಹತ್ತಿದ ಏದುಸಿರು. ಜಿಸ್ಕಿಂಡ್ ಕೈ ಕುಲುಕುತ್ತಲೇ ಅವರ ಕೆನ್ನೆಯ ಕೂದಲು ಒಂದು ಕಡೆ ಉದ್ದವಾಗಿದೆ ಎಂದು ಅಳತೆ ನೋಡಿದ. ಹಾರಿಂಗ್ಟನ್ ಎಂದು ನಾನು ಪರಿಚಯಿಸಿದ ಪೆಲ್ಟ್ಸ್ ಕೈ ಕುಲುಕಿದ ಮೇಲೆ ಕಿಂಗ್ಸ್ಲಿ ಕರವಸ್ತ್ರ ಹುಡುಕಿದರು.

"ಎಲ್ಲಿ, ರಕ್ಷಾಪುಟ?"

ಎಲ್ಲರನ್ನೂ ಅಡುಗೆಮನೆಗೆ ಕರೆದೊಯ್ದು ಬಿಳೀ ರಟ್ಟನ್ನು ತೋರಿಸದೆ ಬೇರೆ ದಾರಿ ಇರಲಿಲ್ಲ. "ಸಣ್ಣದೊಂದು ಅನಾಹುತ ಆಗಿದೆ ಸಾರ್..."

ಅವರು ಗಡಿಯಾರ ನೋಡಿದರು. "ಪರವಾಗಿಲ್ಲ. ಕಲಾವಿದರು ಇಲ್ಲೇ ಇದ್ದಾರಲ್ಲ. ಮಿಸ್ಟರ್ ಹಾರಿಂಗ್ಟನ್, ಕ್ಯಾಪ್ಟನ್ ಕುಲುಮೆ ನಿಮ್ಮದೇ ತಾನೇ? ಇನ್ನೊಂದ್ಸಲ ಬರೆದುಬಿಡಿ. ನಾನು ಕಾಯ್ತೀನಿ."

ಪೆಲ್ಟ್ಸ್ ಪೆನ್ಸಿಲ್ಲನ್ನು ಮೀನಿನ ಹೊಟ್ಟೆ ಸೀಳುವ ಚಾಕುವಿನಂತೆ ಹಿಡಿದುಕೊಂಡು ನನ್ನ ಮುಖ ನೋಡಿದ. ನನ್ನ ಕೈ ತುರಿಸುತ್ತಿತ್ತು. ಕೊಟ್ಟರೆ ಕಣ್ಣು ಮುಚ್ಚಿ ಬರೆದುಬಿಡುತ್ತಿದ್ದೆ!

"ಸಾರ್, ನಾನೇ ಒಂದು ಕೈ ನೋಡ್ಲಾ?"

"ದಯವಿಟ್ಟು ಬೇಡ ಮಿಸ್ಟರ್ ಪಿಂಕಸ್. ಪೆನ್ಸಿಲ್ ಮುಟ್ಟದವರು ರಕ್ಷಾಪುಟದಲ್ಲಿ ಕಲಿಯೋಕೆ ಹೋಗಬಾರದು. ಬಲ್ಲವರು ಬರೀಲಿ."

ನಾನೇ ತೋಡಿದ ಗುಂಡಿ, ನನ್ನ ಅಳತೆಗೆ ಸರಿಯಾಗಿತ್ತು. ಎರಡು ವರ್ಷ ಕಾದ ಪುಸ್ತಕ ಕಣ್ಣೆದುರೇ ಮೆಟ್ಟಿಲಿಳಿದು ಹೋಗುತ್ತಿತ್ತು. ಆಗ ಒಲೆಯ ಹತ್ತಿರ ನಿಂತಿದ್ದ ಫ್ರೀಡಾ ಕೈ ಒರೆಸಿಕೊಂಡು ಬಂದಳು. ಪೆಲ್ಟ್ಸನ ಕೈಯಿಂದ ಪೆನ್ಸಿಲ್ ತೆಗೆದುಕೊಂಡಳು. ರಟ್ಟಿನ ಮೇಲಿನ ಹಿಟ್ಟು ಊದಿದಳು. ಕೂತಳು.

ಅವಳು ಬರೆಯುವುದನ್ನು ನಾನು ಅದುವರೆಗೆ ನೋಡಿರಲೇ ಇಲ್ಲ! ನನ್ನಂತೆ ಹತ್ತು ಗೆರೆ ಎಳೆದು ಒಂದನ್ನು ಆರಿಸುವವಳಲ್ಲ. ಎಳೆದದ್ದು ಒಂದೇ ಗೆರೆ, ಅದೇ ಸರಿಯಾದ ಗೆರೆ. ನನ್ನ ಕ್ಯಾಪ್ಟನ್ ಗೋಡೆಯ ಮುಂದೆ ಫೋಟೋಗೆ ನಿಂತವನಂತಿದ್ದ. ಇವಳ ಕ್ಯಾಪ್ಟನ್ ಗೋಡೆಯನ್ನು ಸೀಳಿಕೊಂಡು ನೇರ ನಮ್ಮ ಅಡುಗೆಮನೆಗೇ ನುಗ್ಗಿದ. ಅತ್ತೆ ಕೂಡ ಒಂದು ಹೆಜ್ಜೆ ಹಿಂದೆ ಸರಿದರು.

ಅವಳೇ ತುಂಬಿದ ಮಸಿ ಒಣಗುವವರೆಗೆ ಅತ್ತೆ ಅತಿಥಿಗೆ ಒಂದು ಬಟ್ಟಲು ಸಾರು ಬಡಿಸಿದರು, ಬೂದು ಬಣ್ಣದ ಶ್ಯಾವಿಗೆ ಹಾಕಿ. ಕಿಂಗ್ಸ್ಲಿ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ನಮ್ಮಮ್ಮನೂ ಥೇಟ್ ಹೀಗೇ ಮಾಡ್ತಿದ್ದಳು."

"ಕಿಂಗ್ಸ್ಲಿ ಮನೆತನದಲ್ಲಿ ಶ್ಯಾವಿಗೆ ಸಾರಾ?" ಅತ್ತೆ ಹುಬ್ಬೇರಿಸಿದರು.

"ಕಿಂಗ್ಸ್ಲಿ ಅನ್ನೋದು ಕಾಗದದ ಮೇಲೆ ಮಾತ್ರ, ತಾಯಿ. ಅಮ್ಮ ಕರೀತಿದ್ದಿದ್ದು ಪಿನ್ಯಾ ಅಂತ, ನಾನೂ ನಿಮ್ಮವನೇ." ಅವರು ನನ್ನ ಕಡೆ ತಿರುಗಿದರು. "ಪಿಂಕಸ್, ನಿಮ್ಮ ಹಾರಿಂಗ್ಟನ್ ಮೀನು ಮಾರೋನು ಅಂತ ಎರಡನೇ ಮಹಡೀಲೇ ಮೂಗಿಗೆ ಗೊತ್ತಾಯ್ತು. ಬೇಜಾರಿಲ್ಲ. ನನ್ನ ಆಫೀಸಲ್ಲೂ ಪ್ರಧಾನ ಸಂಪಾದಕ, ಉಪಸಂಪಾದಕ, ಓದುಗರ ಕಾಗದಕ್ಕೆ ಉತ್ತರ ಬರೆಯೋ ‘ಮೇ ಚಿಕ್ಕಮ್ಮ’, ಎಲ್ಲಾ ನಾನೇ! ಪುಸ್ತಕ ನಿಮ್ಮದೇ. ಆದ್ರೆ ಒಂದು ಷರತ್ತು. ರಕ್ಷಾಪುಟದ ಮೇಲೆ ಸುಳ್ಳು ಹೆಸರು ಬೇಡ. ಬರೆದವರ ಸ್ವಂತ ಹೆಸರೇ ಇರಲಿ."

ನನಗೆ ಹೋದ ಜೀವ ಬಂತು. "ಲೂಯಿ ಪಿಂಕಸ್ ಅಂತ ಹಾಕಿ ಸಾರ್! ಪಿಂಕಸ್‌ನ ‘ಪ’ ಮಾತ್ರ ಸ್ವಲ್ಪ ದೊಡ್ಡದಾಗಿ—"

"ಫ್ರೀಡಾ ಪಿಂಕಸ್," ಎಂದರು ಅವರು.

"ಸಾರ್, ಒಳಗಿನ ಪುಟಗಳೆಲ್ಲಾ ನಾನೇ ಬರೆದದ್ದು! ದೇವರಾಣೆ!"

"ಹೌದಾ? ಹಾಗಾದ್ರೆ ಇಲ್ಲೊಂದು ಕೈ ಬರೀರಿ ನೋಡೋಣ. ಒಳಪುಟಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಆ ವೀರರ ಕೈಗಳೇ."

ಬರೆದೆ. ಅವರು ನೋಡಿದರು. ಜಿಸ್ಕಿಂಡ್ ನೋಡಿದ. ಪೆಲ್ಟ್ಸ್ ನೋಡಿ, "ಏಡಿಯಾ?" ಎಂದು ಕೇಳಿದ.

ನಾನು ಫ್ರೀಡಾಳ ಮುಖ ನೋಡಿದೆ. ಅವಳು ತಲೆ ಬಗ್ಗಿಸಿ ಕುಂಚ ತೊಳೆಯುತ್ತಿದ್ದಳು.

"ಮಸಿ ತುಂಬುವಾಗ ಕೈಗಳನ್ನ ಒಂಚೂರು ಸರಿ ಮಾಡ್ತಿದ್ದೆ," ಎಂದಳು ಮೆಲ್ಲಗೆ. "ಆಮೇಲಾಮೇಲೆ ಮುಖಗಳನ್ನೂ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಮಾರನೇ ದಿನ ಅವನ್ನ ಬೆಳಕಿಗೆ ಹಿಡಿದು, ‘ಆಹಾ, ಎಂಥಾ ಕೈ ನನ್ನದು!’ ಅಂತ ಕುಣೀತಿದ್ದೆ ಲೂಯಿ. ಆ ಖುಷಿ ಕೆಡಿಸೋಕೆ ನನಗೆ ಮನಸ್ಸು ಬರಲಿಲ್ಲ."

ಒಂದು ಗಳಿಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮಸಿ ಮೆತ್ತಿದ ಅವಳ ಬೆರಳು, ರಟ್ಟಿನ ಮೇಲೆ ಹಸಿ ಮಸಿಯಲ್ಲಿ ಹೊಳೆಯುತ್ತಿದ್ದ ಕ್ಯಾಪ್ಟನ್ನನ್ನು ನೋಡುತ್ತಿದ್ದಂತೆ ಆ ಉರಿ ಎಲ್ಲಿ ಹೋಯಿತೋ! ಇಷ್ಟು ದೊಡ್ಡ ಕಲಾವಿದೆಯನ್ನು ಕಟ್ಟಿಕೊಂಡವನು ಇಡೀ ಬ್ರೂಕ್ಲಿನ್ನಿನಲ್ಲಿ ನಾನೊಬ್ಬನೇ ಎಂದು ಹೆಮ್ಮೆಯಾಯಿತು. ಕಿಂಗ್ಸ್ಲಿಯವರ ಟೋಪಿ ನಾನೇ ಎತ್ತಿ ಕೊಟ್ಟೆ, ಚಿತ್ರ ಮಡಚದಂತೆ ಹಿಡಿದುಕೊಂಡು ಬೀದಿಯವರೆಗೂ ಹೋಗಿ ಟ್ಯಾಕ್ಸಿ ಹತ್ತಿಸಿದೆ. ಮಧ್ಯಾಹ್ನದೊಳಗೆ ಅದು ಬ್ಲಾಕಿನವರ ಕೈ ಸೇರಿತು.

‘ಧಡಾರ್ ಕಾಮಿಕ್ಸ್’ನ ಮೊದಲ ಸಂಚಿಕೆ ಹೊರಬಿದ್ದ ದಿನ ಇಬ್ಬರೂ ಬೀದಿ ಬೀದಿ ತಿರುಗಿದೆವು. ಯಾವ ಪತ್ರಿಕೆ ಅಂಗಡಿ ಎದುರಾದರೂ ಫ್ರೀಡಾ ನಿಲ್ಲುತ್ತಾಳೆ, ತನ್ನ ಹೆಸರು ಓದುತ್ತಾಳೆ, ಏನೂ ಆಗದವಳಂತೆ ಮುಂದೆ ನಡೆಯುತ್ತಾಳೆ, ಮುಂದಿನ ಅಂಗಡಿಯಲ್ಲಿ ಮತ್ತೆ ನಿಲ್ಲುತ್ತಾಳೆ. ನನ್ನ ಹೆಸರೂ ಇತ್ತು! ಒಳಗೆ, ಇರುವೆ ಗಾತ್ರದ ಅಕ್ಷರದಲ್ಲಿ: ‘ಮೇಲ್ವಿಚಾರಣೆ: ಎಲ್. ಪಿಂಕಸ್.’

ಪುಸ್ತಕ ಓಡಿತು. ಎರಡನೇ ಸಂಚಿಕೆಗೆ ಕೆಲಸವೂ ಬಂತು. ಈಗ ಫ್ರೀಡಾ ಪೆನ್ಸಿಲ್ ಹಿಡಿಯುತ್ತಾಳೆ, ನಾನು ಮಸಿ ತುಂಬುತ್ತೇನೆ. ಅದು ‘ಸುಮ್ಮನೆ’ ಆಗುವ ಕೆಲಸವಲ್ಲ ಎಂದು ಕತ್ತು ನೋಯಿಸಿಕೊಂಡು ಕಲಿತಿದ್ದೇನೆ. ನನಗೆ ಇನ್ನೊಂದು ಬಡ್ತಿಯೂ ಸಿಕ್ಕಿದೆ. ಅವಳಿಗೆ ಕಣ್ಣೆದುರು ಒಬ್ಬ ವೀರ ನಿಂತಿರಬೇಕು, ನೋಡಿ ಬರೆಯಲು. ಹಾಗಾಗಿ ಮೈಗಂಟಿದ ಉಣ್ಣೆ ಒಳಉಡುಪಿನ ಮೇಲೆ ಚಡ್ಡಿ ಹಾಕಿ, ಅತ್ತೆಯ ಕೆಂಪು ಮೇಜುಬಟ್ಟೆಯನ್ನು ಬೆನ್ನಿಗೆ ಕಟ್ಟಿಕೊಂಡು, ಸ್ಟೂಲಿನ ಮೇಲೆ ಮುಷ್ಟಿ ಚಾಚಿ ನಿಲ್ಲುವವನು ಸಾಕ್ಷಾತ್ ನಾನೇ!

ಮೊನ್ನೆ ಹಾಗೆ ನಿಂತಿದ್ದಾಗಲೇ ಕಿಂಗ್ಸ್ಲಿ ಬಂದರು. ಹೊಸ ಚಿತ್ರವನ್ನು ನೋಡಿದರು, ಸ್ಟೂಲಿನ ಮೇಲಿದ್ದ ನನ್ನನ್ನು ನೋಡಿದರು, ಮತ್ತೆ ಚಿತ್ರ ನೋಡಿದರು.

"ಅದ್ಭುತ ಮಿಸೆಸ್ ಪಿಂಕಸ್! ಒಂದೇ ಒಂದು ಮಾತು. ಕ್ಯಾಪ್ಟನ್ನನ ಹೊಟ್ಟೆ ಸ್ವಲ್ಪ ಕಮ್ಮಿ ಮಾಡಬಹುದಾ?"

ಫ್ರೀಡಾ ಪೆನ್ಸಿಲ್ಲಿನಿಂದ ತಲೆ ಎತ್ತಲಿಲ್ಲ.

"ಇದು ಕಮ್ಮಿ ಮಾಡೇ ಬರೆದಿರೋದು ಸಾರ್!"