ಸುರಂಗದ ಕೋಲು ನನ್ನ ಕೈಯಲ್ಲಿತ್ತು

ಆಗಿನ್ನೂ ಬಿಳಿ ದೊರೆಗಳ ಕಾಲ. ಮಲ್ಲಂದೂರಿನ ಹತ್ತಿರ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದ ಕಾಫಿ ಎಸ್ಟೇಟಿನಲ್ಲಿ ಗುಡ್ಡ ಕೊರೆದು, ಒಂದೇ ಗಾಡಿ ಹಿಡಿಸುವಷ್ಟು ಅಗಲದ ಸುರಂಗ ಮಾಡಿಸಿದ್ದರು. ಅದರ ಸುರಕ್ಷತೆಗೆ ನಿಯಮ ರಚಿಸುವ ಘನಭಾರ ನನ್ನ ಹೆಗಲಿಗೆ ಬಿತ್ತು. ನಾನೇನು ಸಾಮಾನ್ಯನೇ! ಒಂದು ಕೆಂಪು ಕೋಲು ಮಾಡಿಸಿದೆ. ಕೋಲು ಹಿಡಿದವನೇ ಒಳಗೆ ಹೋಗತಕ್ಕದ್ದು. ಆಚೆ ಬಾಯಿಯ ಕಾವಲಿನವನಿಗೆ ಅದನ್ನು ಒಪ್ಪಿಸತಕ್ಕದ್ದು. ಕೋಲಿಲ್ಲದೆ ದೊರೆ ಬಂದರೂ ಬಿಡಕೂಡದು. ಹೀಗೆ ಹಲಗೆ ಬರೆಸಿ ಎರಡೂ ಬಾಯಲ್ಲಿ ತೂಗುಹಾಕಿದೆ. ಮೇಲಿಂದ ಮಣ್ಣು ಉದುರಿದರೆ ಸರಿದು ನಿಲ್ಲಲು ನಡುವೆ ಗೋಡೆಯಲ್ಲೊಂದು ಗೂಡನ್ನೂ ಕೊರೆಸಿದೆ.

ಅಷ್ಟರಲ್ಲಿ ನನ್ನ ಹೆಂಡತಿಯ ತಂಗಿಯ ಮದುವೆ ಬಂತು, ಗುಡ್ಡದ ಆಚೆ ಊರಲ್ಲಿ. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದವಳು ಇವಳೇ. ಧಾರೆಯ ಹೊತ್ತಿಗೆ ಅಕ್ಕ ಪಕ್ಕದಲ್ಲಿರಲೇಬೇಕು ಎಂದು ಹುಡುಗಿ ಹಟ ಹಿಡಿದಿದ್ದಳು. ಬೆಳಿಗ್ಗೆಯೇ ಗಾಡಿ ಕಟ್ಟಿ ಹೊರಟೆವು. ಸುರಂಗದ ಬಾಯಲ್ಲಿ ನನಗೆ ಕರ್ತವ್ಯ ನೆನಪಾಯಿತು.

"ಮೊದ್ಲು ನಾನೊಬ್ನೇ ಹೋಗಿ ನೋಡ್ಕೊಂಡು ಬರ್ತೀನಿ. ನೀನು ಗಾಡೀಲೇ ಕೂತಿರು."

"ಹೊತ್ತಾಗ್ತದೆ ಕಣ್ರೀ."

"ಸುರಕ್ಷತೆ ಮುಖ್ಯ," ಎಂದು ಕಾವಲಿನ ತಿಮ್ಮಯ್ಯನಿಂದ ಕೋಲು ಪಡೆದು ಒಳಹೊಕ್ಕೆ.

ಒಳಗೆ ತಂಪೋ ತಂಪು. ಎಲ್ಲೋ ನೀರು ತೊಟಕ್, ತೊಟಕ್ ಎನ್ನುತ್ತಿತ್ತು. ಗಾಳಿಯ ಜೊತೆ ಬಂದ ಕಾಫಿ ಹೂವಿನ ಘಮ ಹೊರಗೆ ಹೋಗಲು ಮನಸ್ಸಿಲ್ಲದೆ ಅಲ್ಲೇ ನಿಂತಿತ್ತು. ಎರಡು ತುದಿಯಲ್ಲೂ ಬೆಳಕು ಅಕ್ಕಿರೊಟ್ಟಿಯಷ್ಟು ದುಂಡಗೆ ಕಾಣುತ್ತಿತ್ತು. ಗೂಡು ಗಟ್ಟಿಯಿದೆಯೇ ಎಂದು ಪರೀಕ್ಷಿಸಲು ಅದರಲ್ಲಿ ಕೂತೆ. ಗಟ್ಟಿಯಿತ್ತು. ಒರಗಿದೆ. ನಿದ್ದೆ ಬಂತು.

ಕನಸಿನಲ್ಲಿ ಧಾರೆ ನಡೆದಿತ್ತು. ಅಕ್ಷತೆಯ ಬದಲು ಕಾಫಿ ಹೂವು ಮೆಲ್ಲಗೆ ಉದುರುತ್ತಿತ್ತು. ನಾನಿಲ್ಲದೆ ಶಾಸ್ತ್ರ ಸಾಗದೆಂದು ಎಲ್ಲರೂ ನನ್ನನ್ನೇ ಕರೆಯುತ್ತಿದ್ದರು. ನಾನು ಗಾಂಭೀರ್ಯದಿಂದ "ಬಂದೆ, ಬಂದೆ" ಎನ್ನುತ್ತಿದ್ದೆ.

ಕರೆಯುತ್ತಿದ್ದವಳು ಹೆಂಡತಿ ಎಂದು ಆಮೇಲೆ ತಿಳಿಯಿತು. ಅವಳು ಹೊರಗಿನಿಂದ "ರೀ" ಎಂದಾಗಲೆಲ್ಲ ಒಳಗಿನಿಂದ "ಬಂದೆ" ಎಂದು ಕೇಳಿಸುತ್ತಿತ್ತಂತೆ. ಪಾಪ, ಕಾದಳು. ಆಚೆ ಬಾಯಲ್ಲಿ ಕಾಫಿ ಮೂಟೆಯ ಗಾಡಿಗಳೂ ಕಾದವು. ಹುಡುಕಿ ಬರೋಣವೆಂದರೆ ತಿಮ್ಮಯ್ಯ ಅಡ್ಡ ನಿಂತ.

"ಕೋಲು ಒಳಗದೆ ಅಮ್ಮಾವ್ರೆ. ಕೋಲಿಲ್ದೆ ಬಿಡಂಗಿಲ್ಲ."

"ಒಳಗಿರೋದು ನನ್ನ ಗಂಡ ಮಾರಾಯ."

"ರೂಲು ಮಾಡಿದ್ದೂ ಅವ್ರೇ ಅಲ್ವಾ."

ಕೊನೆಗೆ ಅವಳು ಸೆರಗು ಸಿಕ್ಕಿಸಿ, ತಿಮ್ಮಯ್ಯನನ್ನು ಪಕ್ಕಕ್ಕೆ ಸರಿಸಿ ನುಗ್ಗಿದಳು. ನಾನು ಕಣ್ಣು ಬಿಟ್ಟಾಗ ಎದುರಿಗೆ ರೇಷ್ಮೆ ಸೀರೆ. ಇನ್ನೂ ಮದುವೆ ಮನೆಯಲ್ಲೇ ಇದ್ದೇನೆಂದುಕೊಂಡು "ಎಲೆ ಹಾಕಿದ್ರಾ?" ಎಂದೆ.

ನಾವು ಮುಟ್ಟುವ ಹೊತ್ತಿಗೆ ನಿಜವಾಗಿಯೂ ಎಲೆ ಹಾಕಿದ್ದರು. ಧಾರೆ ಮುಗಿದುಹೋಗಿತ್ತು. ಮದುಮಗಳು ಅಕ್ಕನ ಕೊರಳಿಗೆ ಬಿದ್ದು ಅತ್ತಳು, ಇವಳೂ ಅತ್ತಳು. ನನಗೆ ಪಾಯಸ ಗಂಟಲಲ್ಲಿ ಇಳಿಯಲಿಲ್ಲ. ಎರಡನೆಯ ಸಲ ಬಡಿಸಿದಾಗ ಇಳಿಯಿತು.

ಹಿಂದಿರುಗುವಾಗ ಕೋಲು ಹೆಂಡತಿಯ ಮಡಿಲಲ್ಲಿತ್ತು. ಈಚೆ ಬಾಯಲ್ಲಿ ಅದನ್ನು ಇಸಿದುಕೊಳ್ಳುತ್ತಾ ತಿಮ್ಮಯ್ಯ ಮೆಲ್ಲಗೆ ಕೇಳಿದ: "ಧಾರೆ ಸಿಕ್ತಾ ಅಮ್ಮಾವ್ರೆ?"

"ಇಲ್ಲ ಕಣೋ. ಆದ್ರೆ ಸುರಂಗದಲ್ಲಿ ಯಾರಿಗೂ ಏನೂ ಆಗ್ಲಿಲ್ಲ ನೋಡು."

ಮಾರನೆಯ ದಿನ ನನ್ನ ಹಲಗೆಯ ಕೆಳಗೆ ಸುಣ್ಣದಲ್ಲಿ ಹೊಸದೊಂದು ನಿಯಮ ಇತ್ತು. ಬರೆಸಿದವರು ಯಾರೆಂದು ಮನೆಯಲ್ಲಿ ಕೇಳುವ ಧೈರ್ಯ ನನಗಾಗಲಿಲ್ಲ.

"ರೈಟರು ಒಬ್ಬರೇ ಒಳಗೆ ಹೋಗಕೂಡದು."