ಸ್ತುತಿಯ ಪ್ರಾರ್ಥನೆ ಪರೀಕ್ಷೆ

ಹಿರಿಯೂರಲ್ಲಿ ಮಿಕ್ಸಿ ರಿಪೇರಿ ಮಾಡುವ ಕರುಣಾಕರನ ನೆಮ್ಮದಿ ಕೆಟ್ಟದ್ದು ಒಂದು ಫೋನಿನಿಂದ. "ಸಾಯಂಕಾಲ ನಿಮ್ಮನೆಗೆ ಬರ್ತೀನಿ. ಮಗಳ ಬಾಯಲ್ಲಿ ಒಂದು ಪ್ರಾರ್ಥನೆ ಕೇಳೋಣ," ಅಂದರು ಚರ್ಚಿನ ಅಯ್ಯನವರು.

ಎಂಟು ವರ್ಷದ ಹಿಂದೆ, ದೀಕ್ಷಾಸ್ನಾನದ ದಿನ, ಕೂಸನ್ನು ಎತ್ತಿಕೊಂಡು "ಇವಳನ್ನು ದೇವರ ದಾರಿಯಲ್ಲಿ ಬೆಳೆಸುತ್ತೇನೆ" ಎಂದು ಇಡೀ ಸಭೆಯ ಮುಂದೆ ಮಾತು ಕೊಟ್ಟಿದ್ದ ಪುಣ್ಯಾತ್ಮ. ಆಮೇಲೆ ಒಂದಕ್ಷರ ಕಲಿಸಿರಲಿಲ್ಲ. ಹೆಂಡತಿ ಜಯಶೀಲಾ ಇದ್ದಿದ್ದರೆ ಹೇಗೋ ಆಗುತ್ತಿತ್ತು. ಅವಳು ಹೊಸದುರ್ಗಕ್ಕೆ, ತವರಿಗೆ ಹೋಗಿದ್ದಳು. ಅಯ್ಯನವರ ಭಯ ಒಂದು ಪಾಲಾದರೆ, ತನ್ನ ಸೋಮಾರಿತನದಿಂದ ಮಗಳ ಆತ್ಮವೇ ಕೈತಪ್ಪಿ ಹೋದೀತೆಂಬ ಭಯ ಹತ್ತು ಪಾಲು.

"ಸ್ತುತಿ, ಯೇಸಪ್ಪ ಕಲ್ಸಿದ ಕರ್ತನ ಪ್ರಾರ್ಥನೆ ಹೇಳು ನೋಡಾಣ."

"ನೀನು ಮೊದ್ಲು ಹೇಳಪ್ಪ."

ಕರುಣಾಕರ ಎರಡನೇ ಸಾಲಿಗೇ ತಡವರಿಸಿದ. ತನ್ನ ಮೇಲಿನ ಸಿಟ್ಟಿಗೆ ಮಗಳ ಮೇಲೆ ಕೂಗಾಡಿದ.

ಗಲಾಟೆ ಕೇಳಿ ಪಕ್ಕದ ಮನೆ ಕಮಲಮ್ಮ ಬಂದಳು. "ನೆನಪು ನಿಲ್ಲಬೇಕಂದ್ರೆ ಒಂದೆಲಗದ ಚಟ್ನಿ ತಿನ್ನಿಸ್ಬೇಕು ಕಣಪ್ಪ," ಎಂದು ಬಟ್ಟಲು ತುಂಬ ತಂದು ತಿನ್ನಿಸಿಯೇಬಿಟ್ಟಳು. ಎದುರುಮನೆ ಪ್ಯಾರಿ ಬೀ ಬಿಡುತ್ತಾಳಾ? "ಬೈದ್ರೆ ಬರಲ್ಲ ಬೇಟಾ. ಮೊಮ್ಮಗ ಸೊಹೈಲ್‌ಗೆ ಖರ್ಜೂರ ಕೊಟ್ಟೇ ಓದು ಕಲ್ಸಿದ್ದು ನಾನು," ಎಂದು ಹನ್ನೆರಡು ಖರ್ಜೂರ ತಿನ್ನಿಸಿದಳು. ಮಧ್ಯಾಹ್ನದ ಹೊತ್ತಿಗೆ ಮಗು ಹೊಟ್ಟೆ ಹಿಡಕೊಂಡು ಬಚ್ಚಲಿಗೂ ನಡುಮನೆಗೂ ಓಡಾಡುತ್ತಿತ್ತು. ಪ್ರಾರ್ಥನೆ ಮಾತ್ರ ಎರಡನೇ ಸಾಲಲ್ಲೇ ಇತ್ತು.

ಐದಕ್ಕೆ ಅಯ್ಯನವರು ಬಂದರು. ತಮ್ಮ ಔಷಧಿಯ ಫಲ ನೋಡಲು ಹೆಂಗಸರಿಬ್ಬರೂ ಬಾಗಿಲಲ್ಲಿ ನಿಂತರು. "ಪ್ರಾರ್ಥನೆ ಮಾಡಮ್ಮ," ಅಂದಾಗ ಕರುಣಾಕರ ಬೆವೆತುಹೋದ.

ಸ್ತುತಿ ಮಂಡಿಯೂರಿ ಕಣ್ಣು ಮುಚ್ಚಿದಳು.

"ಯೇಸಪ್ಪಾ, ಪ್ಯಾರಿ ಅಜ್ಜಿ ಸೊಂಟನೋವು ತೆಗಿ. ಕಮಲಮ್ಮತ್ತೆ ಮಗನಿಗೆ ಹೆಣ್ಣು ತೋರ್ಸು. ಆಮೇಲೆ, ದಿನಾ ಕೇಳ್ತೀನಲ್ಲ, ಅದೇ. ಅಪ್ಪ ಪ್ರಾರ್ಥನೆ ಹೊತ್ತಲ್ಲಿ ಗೊರಕೆ ಹೊಡೀತಾನೆ, ಸಿಟ್ಟಾಗಬ್ಯಾಡ. ಅಪ್ಪ ಇಲ್ಲದ ಸ್ವರ್ಗ ನಂಗೆ ಬ್ಯಾಡ. ಆಮೆನ್."

ಪ್ಯಾರಿ ಬೀ ಸೆರಗನ್ನು ಕಣ್ಣಿಗೊತ್ತಿಕೊಂಡಳು. ಕರುಣಾಕರ ಮಗಳ ಪಕ್ಕದಲ್ಲೇ ಮಂಡಿಯೂರಿದ. ತಾನು ಕಾಯಬೇಕಾದ ಮಗು ಇಷ್ಟು ದಿನ ತನ್ನನ್ನೇ ಕಾಯುತ್ತಿತ್ತಲ್ಲ! ದೇವರೇ, ನಾನು ಕಲಿಸದೆ ಬಿಟ್ಟಿದ್ದನ್ನು ನೀನೇ ಬಂದು ಕಲಿಸಿದೆಯಾ ಎಂದುಕೊಂಡು ಕೈಮುಗಿದ.

"ಅಯ್ಯನೋರೇ, ಹಂಗಾದ್ರೆ ಮಗಳು ಪಾಸಾ?"

"ಪಾಸೇನು ಬಂತು! ಭಾನುವಾರದಿಂದ ಸಂಡೇ ಸ್ಕೂಲಲ್ಲಿ ಪ್ರಾರ್ಥನೆ ಅವಳೇ ಹೇಳಿಕೊಡ್ಲಿ."

ಕರುಣಾಕರ ಹಿಗ್ಗಿಹೋದ. ಅಯ್ಯನವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. "ಒಂಬತ್ತಕ್ಕೆ ಸರಿಯಾಗಿ ಬರ್ರಿ. ಅವಳ ಮೊದಲನೇ ವಿದ್ಯಾರ್ಥಿ ನೀವೇ."

ಸ್ತುತಿ ಅಪ್ಪನ ಕೈ ಹಿಡಿದು ಸಮಾಧಾನ ಹೇಳಿದಳು: "ಮುಂದಿನ ಸಾಲಲ್ಲೇ ಕುಂತ್ಕ ಅಪ್ಪ. ಹಿಂದೆ ಕುಂತು ಗೊರಕೆ ಹೊಡೆದ್ರೆ ಹೊರಗೆ ನಿಲ್ಲಿಸ್ತೀನಿ."